ತಲೆ ಕೊರೆಯುವ ಮುನ್ನ

‘ಸಾಕು, ತಲೆ ಕೊರೀಬೇಡ’ ಎಂಬ ಮಾತು ಕೇಳಿಬರದ ಮನೆ ನಮ್ಮಲ್ಲಿ ಇರಲಾರದು. ಮಕ್ಕಳು ನಮಗೆ ಹೇಳುತ್ತಾರೆ, ನಾವು ಗಂಡಂದಿರಿಗೆ ಹೇಳುತ್ತೇವೆ. ಸಭೆಯಲ್ಲಿ ಉದ್ದುದ್ದ ಭಾಷಣ ಮಾಡುವವರಿಗಂತೂ ‘ಬೈರಿಗೆ’ ಎಂದೇ ಹೆಸರು. ಇಪ್ಪತ್ತೆಂಟು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಿರುವ ನನಗೆ ಮಕ್ಕಳು ಬೆನ್ನ ಹಿಂದೆ ಅದೇ ಹೆಸರಿಟ್ಟಿದ್ದರೂ ಆಶ್ಚರ್ಯವಿಲ್ಲ. ಆದರೆ ಮನುಷ್ಯ ನಿಜವಾಗಿಯೂ ಇನ್ನೊಬ್ಬ ಮನುಷ್ಯನ ತಲೆಬುರುಡೆಯನ್ನು ಕೊರೆಯುತ್ತಿದ್ದ, ಈಗಲೂ ಕೊರೆಯುತ್ತಾನೆ ಎಂಬುದನ್ನು ನಾನು ಗಂಭೀರವಾಗಿ ಯೋಚಿಸಿದ್ದು ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದ ಒಂದು ಪ್ರಶ್ನೆಯಿಂದ.

ಅಂದು ನವಶಿಲಾಯುಗದ ಪಾಠ. ಕಾಶ್ಮೀರದ ಶ್ರೀನಗರದ ಹತ್ತಿರ ಬುರ್ಜಹೋಮ್ ಎಂಬ ಸ್ಥಳವಿದೆ. ಅಲ್ಲಿಯ ಜನ ನೆಲದಲ್ಲಿ ಗುಂಡಿ ತೋಡಿ ಅದರೊಳಗೆ ಮನೆ ಮಾಡಿಕೊಂಡಿದ್ದರು ಎಂದು ಹೇಳುತ್ತಿದ್ದೆ. ಹಿಂದಿನ ಬೆಂಚು ಆಕಳಿಸುತ್ತಿತ್ತು. ಅವರನ್ನು ಎಚ್ಚರಿಸಲೆಂದು ಪಠ್ಯದಲ್ಲಿಲ್ಲದ ಒಂದು ವಿಷಯ ಹೇಳಿದೆ. ಅಲ್ಲಿ ಅಗೆದಾಗ ಸುಮಾರು 4000 ವರ್ಷ ಹಿಂದಿನ ಒಬ್ಬ ಹೆಂಗಸಿನ ತಲೆಬುರುಡೆ ಸಿಕ್ಕಿತು. ಅದರಲ್ಲಿ ಹನ್ನೊಂದು ಕಡೆ ಕೊರೆದ ಗುರುತುಗಳಿವೆ. ಕೆಲವು ಪೂರ್ತಿ ತೂತಾಗಿವೆ, ಕೆಲವು ಅರ್ಧಕ್ಕೇ ನಿಂತಿವೆ. ಅದು ಚಿಕಿತ್ಸೆಯೆಂದು ಕೆಲವು ವಿದ್ವಾಂಸರು ಹೇಳುತ್ತಾರೆ, ಯಾವುದೋ ಆಚರಣೆಯೆಂದು ಇನ್ನು ಕೆಲವರು.

ಹಿಂದಿನ ಬೆಂಚು ಎಚ್ಚರವಾಯಿತು. ಮಧ್ಯದ ಸಾಲಿನಿಂದ ಒಬ್ಬಳು ಎದ್ದು ನಿಂತು, “ಆ ಹೆಂಗಸನ್ನ ಕೇಳಿದ್ರಾ ಟೀಚರ್?” ಎಂದಳು.

“ಏನಂತ?”

“ತೂತು ಮಾಡ್ಲಾ ಅಂತ.”

ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದನ್ನು ಹೇಳುವ ಮೊದಲು ಈ ತೂತುಗಳ ಕಥೆಯನ್ನು ಸ್ವಲ್ಪ ಹೇಳಬೇಕು.

ಈ ಕ್ರಿಯೆಗೆ ಇಂಗ್ಲಿಷಿನಲ್ಲಿ ಟ್ರೆಪನೇಶನ್ ಎನ್ನುತ್ತಾರೆ. ಪದದ ಮೂಲ ಗ್ರೀಕ್ ಭಾಷೆಯದು, ಅದರ ಅರ್ಥ ನಮ್ಮ ಬೈರಿಗೆಯೇ. ಫ್ರಾನ್ಸಿನ ಎನ್ಸಿಶೈಮ್ ಎಂಬಲ್ಲಿ ಸಿಕ್ಕಿದ ಬುರುಡೆಗೆ ಸುಮಾರು 7000 ವರ್ಷ. ಅದರ ತೂತಿನ ಅಂಚಿನಲ್ಲಿ ಮೂಳೆ ಮತ್ತೆ ಬೆಳೆದು ನುಣುಪಾಗಿದೆ. ಅಂದರೆ ಕೊರೆಸಿಕೊಂಡ ಮೇಲೂ ಆ ಮನುಷ್ಯ ಬಹಳ ಕಾಲ ಬದುಕಿದ್ದ. ಈ ಕೆಲಸ ಅತ್ಯಂತ ಹೆಚ್ಚಾಗಿ ನಡೆದದ್ದು ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ. ಅಲ್ಲಿ ಸಿಕ್ಕ ಒಂದು ಬುರುಡೆಯನ್ನು ಸ್ಕ್ವೈಯರ್ ಎಂಬ ಅಮೆರಿಕನ್ನರು ಪ್ಯಾರಿಸ್ಸಿನ ಪ್ರಸಿದ್ಧ ವೈದ್ಯ ಬ್ರೋಕಾ ಅವರಿಗೆ ತೋರಿಸಿದರು. ‘ಇದು ಬದುಕಿದ್ದಾಗಲೇ ಮಾಡಿದ ಶಸ್ತ್ರಕ್ರಿಯೆ’ ಎಂದು ಬ್ರೋಕಾ 1867ರಲ್ಲಿ ಹೇಳಿದಾಗ ಪಂಡಿತರಿಗೆ ನಂಬುವುದೇ ಕಷ್ಟವಾಯಿತು. ಕಬ್ಬಿಣವನ್ನೇ ಕಾಣದ ಜನ ಇಂಥದ್ದನ್ನು ಮಾಡಿಯಾರೇ ಎಂಬ ತಾತ್ಸಾರ.

ಆ ತಾತ್ಸಾರಕ್ಕೆ ಬುರುಡೆಗಳೇ ಉತ್ತರ ಕೊಟ್ಟಿವೆ. ಪೆರುವಿನ ನೂರಾರು ಬುರುಡೆಗಳನ್ನು ಪರೀಕ್ಷಿಸಿದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಇಂಕಾ ಜನರ ಕಾಲದಲ್ಲಿ ತಲೆ ಕೊರೆಸಿಕೊಂಡ ನೂರು ಮಂದಿಯಲ್ಲಿ ಎಪ್ಪತ್ತೈದರಿಂದ ಎಂಬತ್ಮೂರು ಮಂದಿ ಬದುಕಿದರು. ಅದಕ್ಕೆ ನಾಲ್ಕು ಶತಮಾನಗಳ ನಂತರ, 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ, ಓದಿದ ಡಾಕ್ಟರುಗಳೇ ತಲೆ ತೆರೆದ ಸಿಪಾಯಿಗಳಲ್ಲಿ ಅರ್ಧದಷ್ಟು ಜನ ಸತ್ತರು. ಪೆರುವಿನಲ್ಲಿ ಕವಣೆಕಲ್ಲು, ಗದೆಗಳಿಂದ ಹೊಡೆದಾಡುವ ಯುದ್ಧಗಳಿದ್ದವು. ಒಡೆದ ಮೂಳೆಚೂರು ತೆಗೆಯಲು, ಒಳಗಿನ ಒತ್ತಡ ಇಳಿಸಲು ಅವರು ಕೊರೆಯುತ್ತಿದ್ದರು. ಪಶ್ಚಿಮ ಕೀನ್ಯಾದ ಕಿಸಿ ಜನರಲ್ಲೂ ಪೆಟ್ಟು ಬಿದ್ದು ತಲೆನೋವು ಬಿಡದವರು ತಾವಾಗಿಯೇ ನಾಟಿ ವೈದ್ಯರ ಬಳಿಗೆ ಹೋಗಿ ಬುರುಡೆ ಕೆರೆಸಿಕೊಂಡು ಬರುತ್ತಿದ್ದುದನ್ನು ಇಪ್ಪತ್ತನೇ ಶತಮಾನದಲ್ಲೇ ನೋಡಿ ದಾಖಲಿಸಿದ್ದಾರೆ.

ಇನ್ನು ನಮ್ಮ ಮನೆಯ ಕಥೆ.

2022ರಲ್ಲಿ ನನ್ನ ಅತ್ತೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಆಗ ಅವರಿಗೆ ಎಪ್ಪತ್ತೊಂಬತ್ತು. ತಲೆ ಸ್ವಲ್ಪ ತಗುಲಿತು, ಬುಗುಟು ಬಂತು, ಹೋಯಿತು. ಮೂರು ವಾರವಾದ ಮೇಲೆ ಹಾಲಿಗೆ ಸಕ್ಕರೆಯ ಬದಲು ಉಪ್ಪು ಹಾಕತೊಡಗಿದರು. ಬಲಗಾಲು ಎಳೆಯುತ್ತ ನಡೆದರು. ಕರೆದರೆ ಓಗೊಟ್ಟು ಮತ್ತೆ ನಿದ್ದೆಗೆ ಜಾರುತ್ತಿದ್ದರು. ಅರಳುಮರಳು ಎಂದುಕೊಂಡು ನಾವು ಹತ್ತು ದಿನ ಕಳೆದೆವು. ಕಡೆಗೆ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು, ಬುರುಡೆಗೂ ಮಿದುಳಿಗೂ ನಡುವೆ ರಕ್ತ ಸಣ್ಣಗೆ ಒಸರಿ ಕಟ್ಟಿಕೊಂಡು ಮಿದುಳನ್ನು ಒತ್ತುತ್ತಿದೆ. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುವುದರಿಂದ ಅಲ್ಲಿಯ ರಕ್ತನಾಳಗಳು ಬಿಗಿಯಾಗಿ ನಿಂತಿರುತ್ತವಂತೆ, ಸಣ್ಣ ಪೆಟ್ಟಿಗೂ ಹರಿಯುತ್ತವಂತೆ. ಎರಡು ತೂತು ಕೊರೆದು ಆ ರಕ್ತ ಹೊರಗೆ ಬಿಡಬೇಕು ಎಂದರು ಡಾಕ್ಟರು. ಮೂಳೆ ದಾಟಿದೊಡನೆ ಈಗಿನ ಡ್ರಿಲ್ ತಾನೇ ನಿಲ್ಲುತ್ತದೆ, ಹೆದರಬೇಡಿ ಎಂದೂ ಹೇಳಿದರು.

ಮಾತೆಲ್ಲ ನಡೆದದ್ದು ಕಾರಿಡಾರಿನಲ್ಲಿ. ನಮ್ಮ ಮನೆಯವರು ದೂರದ ಊರಿನಲ್ಲಿದ್ದರು. ಫೋನಿನಲ್ಲಿ ‘ಡಾಕ್ಟರು ಹೇಳಿದ ಹಾಗೆ ಮಾಡು’ ಎಂದರು. ಕಾಗದಕ್ಕೆ ನಾನು ಸಹಿ ಹಾಕಿದೆ. ಅತ್ತೆ ಹತ್ತು ಹೆಜ್ಜೆ ದೂರದಲ್ಲಿ ಮಂಚದ ಮೇಲಿದ್ದರು, ಕಣ್ಣು ಬಿಟ್ಟುಕೊಂಡೇ ಇದ್ದರು. ಅವರಿಗೆ ಒಂದು ಮಾತು ಹೇಳಬೇಕೆಂದು ನನಗೆ ತೋಚಲಿಲ್ಲ. ಅವರಿಗೇನು ತಿಳಿಯುತ್ತದೆ ಎಂದುಕೊಂಡೆ.

ಅರ್ಧ ಗಂಟೆಯಲ್ಲಿ ತಲೆ ಬೋಳಿಸುವವನು ಬಂದ. ಕತ್ತಿ ಕಂಡದ್ದೇ ತಡ, ಮಾತು ತೊದಲುತ್ತಿದ್ದ ಅತ್ತೆಗೆ ಎಲ್ಲಿಂದ ಬಂತೋ ಶಕ್ತಿ, “ಬೇಡ, ಬೇಡ, ಅಮ್ಮಾ” ಎಂದು ಕೂಗಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡರು. ನಾನು ಮತ್ತು ಒಬ್ಬ ನರ್ಸ್ ಕೈ ಹಿಡಿದುಕೊಂಡೆವು.

ಆ ಕೂಗಿನ ಅರ್ಥ ನನಗೆ ಗೊತ್ತಿತ್ತು. ಅತ್ತೆ ಒಂಬತ್ತು ವರ್ಷದವರಿದ್ದಾಗ ಅವರ ತಂದೆ ತೀರಿಕೊಂಡರು. ಹತ್ತನೆಯ ದಿನ ಹಿತ್ತಿಲಿನಲ್ಲಿ ಅವರ ತಾಯಿಯ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಬಾಗಿಲ ಸಂದಿಯಿಂದ ಅದನ್ನು ಕಂಡ ಕಥೆಯನ್ನು ಅತ್ತೆ ಜೀವಮಾನದಲ್ಲಿ ನನಗೆ ಎರಡೇ ಸಲ ಹೇಳಿದ್ದು, ಎರಡು ಸಲವೂ ಅರ್ಧಕ್ಕೆ ನಿಲ್ಲಿಸಿದ್ದು. ಮಾವ ಹೋದಾಗ ಕಾಲ ಬದಲಾಗಿತ್ತು, ಅತ್ತೆಯ ಕೂದಲನ್ನು ಯಾರೂ ಮುಟ್ಟಲಿಲ್ಲ. ಆ ಕೂದಲನ್ನು ನಾನು, ಅವರ ಪ್ರೀತಿಯ ಸೊಸೆ, ಕೈ ಹಿಡಿದು ತೆಗೆಸಿದೆ.

ಶಸ್ತ್ರಕ್ರಿಯೆ ಚೆನ್ನಾಗಿ ಆಯಿತು. ಕಾಫಿ ಡಿಕಾಕ್ಷನ್ನಿನಂಥ ಕಪ್ಪು ರಕ್ತ ಹೊರಬಂತಂತೆ. ಮೂರನೆಯ ದಿನ ಅತ್ತೆ ನನ್ನ ಹೆಸರು ಹಿಡಿದು ಕರೆದರು, ವಾರದಲ್ಲಿ ನೆಟ್ಟಗೆ ನಡೆದರು. ಹೊಲಿಗೆ ಬಿಚ್ಚಲು ಹೋದಾಗ ನಾನು ಕೂದಲಿನ ವಿಷಯ ಎತ್ತಿದೆ. ಡಾಕ್ಟರು, “ಮೊದಲೇ ಹೇಳಿದ್ದರೆ ಬೇಕಾದಷ್ಟು ಜಾಗ ಮಾತ್ರ ತೆಗೆಸಬಹುದಿತ್ತಲ್ಲಮ್ಮ” ಎಂದರು. ಅತ್ತೆ ಕೇಳಿಸಿಕೊಂಡರು. ದಾರಿಯಲ್ಲಿ ಏನೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ, “ನನ್ನ ಹತ್ರ ಒಂದು ಮಾತು ಕೇಳ್ಬಾರದಿತ್ತಾ ಮಾರಾಯ್ತಿ?” ಎಂದರು, ಅಷ್ಟೇ.

ಹುಡುಗಿಯ ಪ್ರಶ್ನೆ ನನಗೆ ಯಾಕೆ ನಾಟಿತು ಎಂದು ಈಗ ನಿಮಗೆ ತಿಳಿದಿರಬಹುದು.

ಆಮೇಲೆ ಈ ವಿಷಯದ ಬಗ್ಗೆ ಓದುತ್ತ ಹೋದಾಗ ಇನ್ನೊಬ್ಬ ಹೆಂಗಸು ಎದುರಾದಳು. 1935ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನೀಜ್ ಎಂಬ ವೈದ್ಯರು ಮನೋರೋಗಿಗಳ ಬುರುಡೆಯಲ್ಲಿ ತೂತು ಮಾಡಿಸಿ ಮಿದುಳಿನ ಮುಂಭಾಗದ ನರತಂತುಗಳನ್ನು ನಾಶಪಡಿಸುವ ಕ್ರಮ ಆರಂಭಿಸಿದರು. ಮರುವರ್ಷವೇ ಅಮೆರಿಕದಲ್ಲಿ ಫ್ರೀಮನ್, ವಾಟ್ಸ್ ಎಂಬ ಇಬ್ಬರು ಅದನ್ನು ಕೈಗೆತ್ತಿಕೊಂಡರು. ಅವರ ಮೊದಲ ರೋಗಿ ಕನ್ಸಾಸ್ ಪ್ರಾಂತದ ಅರುವತ್ತಮೂರು ವರ್ಷದ ಗೃಹಿಣಿ. ತಲೆ ಬೋಳಿಸುತ್ತಾರೆಂದು ತಿಳಿದಾಗ ಆಕೆ ನನಗೆ ಇದು ಬೇಡವೆಂದಳು. ಗುಂಗುರು ಕೂದಲನ್ನು ಆದಷ್ಟೂ ಉಳಿಸುತ್ತೇವೆಂದು ವೈದ್ಯರು ಸಮಾಧಾನ ಹೇಳಿದರು. ಎಚ್ಚರವಾದ ಮೇಲೆ ಆಕೆಗೆ ಕೂದಲಿನ ಚಿಂತೆಯೇ ಇರಲಿಲ್ಲ. ಚಿಕಿತ್ಸೆ ಫಲಿಸಿತೆಂದು ಅವರು ಎಣಿಸಿದರು. ನನಗೆ ಅದನ್ನು ಓದಿ ಮೈ ಜುಮ್ಮೆಂದಿತು. ಬೇಡವೆನ್ನುವ ಶಕ್ತಿಯನ್ನೇ ತೆಗೆದುಹಾಕಿ, ಈಗ ಬೇಡವೆನ್ನುತ್ತಿಲ್ಲ ನೋಡಿ ಎಂದರೆ ಏನು ಹೇಳುವುದು?

1941ರಲ್ಲಿ ಅದೇ ವೈದ್ಯರು ರೋಸ್‌ಮೇರಿ ಕೆನಡಿ ಎಂಬ ಇಪ್ಪತ್ತಮೂರರ ಹುಡುಗಿಗೂ ಇದನ್ನೇ ಮಾಡಿದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿಯವರ ತಂಗಿ ಆಕೆ. ಕಲಿಕೆಯಲ್ಲಿ ಹಿಂದೆ, ಈಚೆಗೆ ಸಿಟ್ಟು ಹೆಚ್ಚು, ರಾತ್ರಿ ಹೊರಗೆ ಹೋಗಿಬಿಡುತ್ತಾಳೆ ಎಂಬುದು ಮನೆಯವರ ಚಿಂತೆ. ತೀರ್ಮಾನ ಮಾಡಿದವರು ತಂದೆ. ಆಕೆ ಮತ್ತೆ ಸರಿಯಾಗಿ ನಡೆಯಲಿಲ್ಲ, ಮಾತಾಡಲಿಲ್ಲ. 2005ರಲ್ಲಿ ತೀರಿಕೊಳ್ಳುವವರೆಗೂ ಪರಾಧೀನಳಾಗಿ ಬದುಕಿದಳು. ಇಂಥ ಚಿಕಿತ್ಸೆಗೆ ಒಳಗಾದವರಲ್ಲಿ ಹೆಂಗಸರೇ ಹೆಚ್ಚು. ಮೊನೀಜ್ ಅವರಿಗೆ 1949ರಲ್ಲಿ ನೊಬೆಲ್ ಬಹುಮಾನ ಬಂತು.

ಕಲ್ಲಿನ ಆಯುಧ ಹಿಡಿದವನನ್ನು ಕಾಡು ಮನುಷ್ಯನೆಂದೂ, ಬಿಳಿ ಕೋಟು ಹಾಕಿದವನನ್ನು ನಾಗರಿಕನೆಂದೂ ಪಾಠ ಮಾಡುವ ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು. ಪೆರುವಿನವನು ಕೊರೆದದ್ದು ಗಾಯಗೊಂಡವನ ನೋವಿಗೆ. ಇಲ್ಲಿ ಕೊರೆದದ್ದು ಬಹಳ ಸಲ ಸುತ್ತಲಿನವರ ಕಿರಿಕಿರಿಗೆ. ತೂತು ಒಂದೇ. ಅದು ಯಾರ ನೋವಿನ ಪರಿಹಾರಕ್ಕೆ ಎಂಬುದರಲ್ಲಿ ಧರ್ಮ ಅಧರ್ಮಗಳ ವ್ಯತ್ಯಾಸವಿದೆ ಎಂದು ನನಗೆ ತೋರುತ್ತದೆ.

ಹಾಗೆಂದು ರೋಗಿ ಒಪ್ಪಿದ ಮಾತ್ರಕ್ಕೆ ಎಲ್ಲ ಸರಿ ಎನ್ನುವಂತೆಯೂ ಇಲ್ಲ. ಇಂಗ್ಲೆಂಡಿನ ಅಮಾಂಡಾ ಫೀಲ್ಡಿಂಗ್ ಎಂಬಾಕೆ ಮನಸ್ಸು ಅರಳುತ್ತದೆಂದು ನಂಬಿ 1970ರಲ್ಲಿ ತನ್ನ ತಲೆಯನ್ನು ತಾನೇ ಡ್ರಿಲ್‌ನಿಂದ ಕೊರೆದುಕೊಂಡಳು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಸೌಲಭ್ಯ ಬೇಕೆಂದು ಎರಡು ಸಲ ಪಾರ್ಲಿಮೆಂಟಿನ ಚುನಾವಣೆಗೂ ನಿಂತಳು. ಅದರಿಂದ ಮನಸ್ಸು ಅರಳುತ್ತದೆ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಒಪ್ಪಿಗೆ ಇದ್ದರೆ ಸಾಲದು, ಅರಿವೂ ಬೇಕು.

ನನ್ನನ್ನು ನಿಜವಾಗಿ ಕಾಡಿದ ಪ್ರಶ್ನೆ ಬೇರೆ. ಅಂದು ಅತ್ತೆಯನ್ನು ಕೇಳಿದ್ದರೆ ಅವರು ಬೇಡವೆನ್ನುತ್ತಿದ್ದರು. ಬೇಡವೆಂದರೂ ನಾನು ಸಹಿ ಹಾಕುತ್ತಿದ್ದೆ, ಕಣ್ಣೆದುರು ಅವರನ್ನು ಸಾಯಲು ಬಿಡುತ್ತಿರಲಿಲ್ಲ. ಹಾಗಿದ್ದ ಮೇಲೆ ಕೇಳುವ ಶಾಸ್ತ್ರವಾದರೂ ಯಾಕೆ? ಎಷ್ಟೋ ರಾತ್ರಿ ಇದೇ ಯೋಚನೆ ತಲೆ ಕೊರೆದಿದೆ.

ಬೌದ್ಧರ ವಿನಯಪಿಟಕದಲ್ಲಿ ಜೀವಕನೆಂಬ ವೈದ್ಯನ ಕಥೆ ಬರುತ್ತದೆ. ರಾಜಗೃಹದ ಶ್ರೇಷ್ಠಿಯೊಬ್ಬನಿಗೆ ತಲೆನೋವು. ಐದು ದಿನಕ್ಕೆ ಸಾಯುತ್ತಾನೆಂದು ಒಬ್ಬ ವೈದ್ಯ, ಏಳು ದಿನಕ್ಕೆಂದು ಇನ್ನೊಬ್ಬ ಕೈಬಿಟ್ಟಿದ್ದರು. ಜೀವಕ ಮೊದಲು ಅವನನ್ನೇ ಕೇಳಿದ: ಒಂದು ಮಗ್ಗುಲಲ್ಲಿ ಏಳು ತಿಂಗಳು, ಇನ್ನೊಂದು ಮಗ್ಗುಲಲ್ಲಿ ಏಳು ತಿಂಗಳು, ಅಂಗಾತ ಏಳು ತಿಂಗಳು ಮಲಗಬಲ್ಲೆಯಾ? ಅವನು ಹೂಂ ಎಂದ ಮೇಲೆ ಮಂಚಕ್ಕೆ ಕಟ್ಟಿ, ತಲೆ ತೆರೆದು ಎರಡು ಹುಳುಗಳನ್ನು ತೆಗೆದ. ಶ್ರೇಷ್ಠಿ ಪ್ರತಿ ಮಗ್ಗುಲಲ್ಲೂ ಏಳೇ ದಿನಕ್ಕೆ ಸೋತ. ತಿಂಗಳೆಂದು ಹೇಳದಿದ್ದರೆ ನೀನು ಏಳು ದಿನವೂ ಮಲಗುತ್ತಿರಲಿಲ್ಲ, ಅದು ನನಗೆ ಮೊದಲೇ ಗೊತ್ತಿತ್ತು ಎಂದು ಜೀವಕ ಹೇಳಿದ. ಇದರಲ್ಲಿ ಸ್ವಲ್ಪ ಉಪಾಯವಿದೆ, ಒಪ್ಪುತ್ತೇನೆ. ಆದರೆ ಅವನು ಮಾತಾಡಿದ್ದು ಶ್ರೇಷ್ಠಿಯ ಜೊತೆ, ಕಾರಿಡಾರಿನಲ್ಲಿ ಶ್ರೇಷ್ಠಿಯ ಸೊಸೆಯ ಜೊತೆಯಲ್ಲ.

ಕೇಳುವುದು ಬರೀ ಹೂಂ ಅನ್ನಿಸಿಕೊಳ್ಳುವುದಕ್ಕಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಅತ್ತೆಯ ‘ಬೇಡ’ ತೂತಿಗೆ ಹೇಳಿದ್ದಲ್ಲ, ಕತ್ತಿಗೆ ಹೇಳಿದ್ದು. ಕೇಳಿದ್ದರೆ ಅದು ಹೊರಬರುತ್ತಿತ್ತು, ಅರ್ಧ ಕೂದಲಾದರೂ ಉಳಿಯುತ್ತಿತ್ತು. ರೋಗಿ ಪೂರ್ತಿ ತಿಳಿವಿನಲ್ಲಿ ಇಲ್ಲದಿರಬಹುದು, ತುರ್ತು ಇರಬಹುದು, ಕೊನೆಗೆ ನಿರ್ಧಾರ ನಮ್ಮದೇ ಆಗಬಹುದು. ಆಗಲೂ ಮಂಚದ ಹತ್ತಿರ ಹೋಗಿ, ಕೈ ಹಿಡಿದು, ಹೀಗೆ ಮಾಡುತ್ತಾರೆ, ಇದಕ್ಕಾಗಿ ಮಾಡುತ್ತಾರೆ, ನಾನು ಇಲ್ಲೇ ಇರುತ್ತೇನೆ ಎಂದು ಹೇಳಲು ಎರಡು ನಿಮಿಷ ಸಾಕು. ಮನೆಯಲ್ಲಿ ಮುದುಕರ, ಮಕ್ಕಳ ಸೇವೆ ಮಾಡುವವರು ಹೆಚ್ಚಾಗಿ ನಾವು ಹೆಂಗಸರೇ. ಸೇವೆ ಮಾಡುವ ಕೈಗೆ ಅಧಿಕಾರ ಬಂದುಬಿಡುವುದು ನಮಗೇ ತಿಳಿಯುವುದಿಲ್ಲ.

ಮರುದಿನ ತರಗತಿಯಲ್ಲಿ ಆ ಹುಡುಗಿಗೆ, “ಕೇಳಿದರೋ ಇಲ್ಲವೋ ಬುರುಡೆ ನೋಡಿ ಹೇಳಲಾಗುವುದಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ ಅದೇ” ಎಂದೆ.

ಅತ್ತೆಯ ಕೂದಲು ಮತ್ತೆ ಬೆಳೆದು ಭುಜ ಮುಟ್ಟಿದೆ. ಯುಗಾದಿಗೆ ಎಣ್ಣೆ ಹಚ್ಚುವಾಗ ಬೆರಳಿಗೆ ಎರಡು ಸಣ್ಣ ತಗ್ಗುಗಳು ಸಿಗುತ್ತವೆ. ಅಲ್ಲಿಗೆ ಬಂದಾಗ ನಾನು, “ಇಲ್ಲಿ ಹಚ್ಚಲಾ ಅತ್ತೆ? ನೋಯುತ್ತಾ? ಮೆಲ್ಲಗೆ ಹಚ್ಚಲಾ?” ಎಂದು ಪ್ರತಿ ಸಲವೂ ಕೇಳುತ್ತೇನೆ. ಈ ಸಲ ಅವರಿಗೆ ತಾಳ್ಮೆ ಮೀರಿತು.

“ಹಚ್ಚು ಸುಮ್ನೆ, ಸಾಕು ನನ್ನ ತಲೆ ಕೊರೆದದ್ದು” ಎಂದರು.