ಗೊತ್ತಿರುವ ವೋಟು

ಆರ್.ಟಿ. ನಗರದ ನಮ್ಮ ಬೀದಿಯ ಮೂಲೆಯಲ್ಲೊಂದು ಟೈಲರ್ ಅಂಗಡಿ ಇದೆ. 2024ರ ಲೋಕಸಭಾ ಚುನಾವಣೆಯ ಮರುದಿನ ಷರ್ಟಿನ ಕಾಲರ್ ತಿರುಗಿಸಿ ಹೊಲಿಸಲು ಅಲ್ಲಿಗೆ ಹೋಗಿದ್ದೆ. ಎಪ್ಪತ್ತು ದಾಟಿದ ಸಾಹೇಬರು ಸೂಜಿಗೆ ದಾರ ಪೋಣಿಸುತ್ತಿದ್ದರು. ಬೆರಳಿನ ತುದಿಯಲ್ಲಿ ಶಾಯಿ ಇನ್ನೂ ಕಪ್ಪಗೆ ಹೊಳೆಯುತ್ತಿತ್ತು. "ನಮ್ ವೋಟು ಯಾರಿಗೆ ಅಂತ ಊರಿಗೆಲ್ಲ ಗೊತ್ತು ಸಾರ್. ಗೊತ್ತಿರೋ ವೋಟು ಕೇಳೋಕೆ ಯಾರು ಬರ್ತಾರೆ? ಬೇಡ ಅನ್ನೋರೂ ಬರಲ್ಲ, ಬೇಕು ಅನ್ನೋರೂ ಬರಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬಂದಿಲ್ಲ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದರು. ನನಗೆ ನೋವಾದದ್ದು ಆ ಸಹಜತೆಯಿಂದಲೇ.

ಸಣ್ಣ ಸಮುದಾಯವೊಂದು ದೊಡ್ಡ ಪಕ್ಷದ ಕೈ ಹಿಡಿದಾಗ ಅದನ್ನು ಮೈತ್ರಿ ಎನ್ನಬೇಕೋ ಆಶ್ರಯ ಎನ್ನಬೇಕೋ? ಮೈತ್ರಿಯಲ್ಲಿ ಇಬ್ಬರಿಗೂ ಎದ್ದು ಹೋಗುವ ದಾರಿ ಇರುತ್ತದೆ. ಆಶ್ರಯದಲ್ಲಿ ಒಬ್ಬರಿಗೆ ಮಾತ್ರ ಇರುತ್ತದೆ. ಎದ್ದು ಹೋಗಲಾರದವನ ಬೇಡಿಕೆ ಎಷ್ಟೇ ನ್ಯಾಯವಾಗಿದ್ದರೂ ಅದು ಮನವಿಯಾಗಿಯೇ ಉಳಿಯುತ್ತದೆ.

ಇದನ್ನು ತೀರ ಸ್ಪಷ್ಟವಾಗಿ ಕಾಣಬೇಕಾದರೆ ಇಸ್ರೇಲಿನ ಅರಬ್ ಪಕ್ಷಗಳನ್ನು ನೋಡಬೇಕು. ಅಲ್ಲಿನ ಪ್ರಜೆಗಳಲ್ಲಿ ಸುಮಾರು ಐವರಲ್ಲೊಬ್ಬರು ಅರಬರು. ಸಂಸತ್ತು ಪ್ರವೇಶಿಸಲು ಬೇಕಾದ ಕನಿಷ್ಠ ಮತಪ್ರಮಾಣ 2014ರಲ್ಲಿ ಶೇ. 3.25ಕ್ಕೆ ಏರಿದಾಗ, ಒಬ್ಬರನ್ನೊಬ್ಬರು ಒಪ್ಪದ ಎಡಪಂಥೀಯರೂ ಧಾರ್ಮಿಕರೂ ಒಂದೇ ಪಟ್ಟಿಯಲ್ಲಿ ನಿಲ್ಲಬೇಕಾಯಿತು. 2020ರಲ್ಲಿ ಆ ಜಂಟಿ ಪಟ್ಟಿ 15 ಸ್ಥಾನ ಗೆದ್ದಿತು. ಪ್ರಧಾನಿಯಾಗಲೆಂದು ಅದು ಬೆಂಬಲ ಸೂಚಿಸಿದ ಬೆನ್ನಿ ಗಾಂಟ್ಸ್ ಕೊನೆಗೆ ಹೋಗಿ ಸೇರಿದ್ದು ಎದುರಾಳಿ ನೆತನ್ಯಾಹು ಜೊತೆ. ಮರುವರ್ಷ ಮನ್ಸೂರ್ ಅಬ್ಬಾಸ್ ತಮ್ಮ 'ರಾಮ್' ಪಕ್ಷವನ್ನು ಜಂಟಿ ಪಟ್ಟಿಯಿಂದ ಹೊರತಂದು, ಬರೀ 4 ಸ್ಥಾನ ಗೆದ್ದು, ನೆತನ್ಯಾಹು ಪರ, ವಿರೋಧ ಎರಡೂ ಬಣಗಳೊಂದಿಗೆ ಮಾತಿಗೆ ಕುಳಿತರು. 2021ರ ಜೂನ್‌ನಲ್ಲಿ 60-59 ಮತಗಳಿಂದ ಹುಟ್ಟಿದ ಸರಕಾರ ಅವರಿಲ್ಲದೆ ನಿಲ್ಲುವಂತಿರಲಿಲ್ಲ. ಹದಿನೈದಕ್ಕೆ ಸಿಗದ ಬೆಲೆ ನಾಲ್ಕಕ್ಕೆ ಸಿಕ್ಕಿತು. ಆ ನಾಲ್ಕು ಎತ್ತ ಹೋಗುತ್ತವೆಂದು ಯಾರಿಗೂ ಮೊದಲೇ ಗೊತ್ತಿರಲಿಲ್ಲವಲ್ಲ!

ದಕ್ಕಿದ್ದು ಸಣ್ಣದೇನಲ್ಲ. ಪರವಾನಗಿ ಇಲ್ಲದೆ ಕಟ್ಟಿದ ಸಾವಿರಾರು ಅರಬ್ ಮನೆಗಳಿಗೆ ಕರೆಂಟ್ ಸಂಪರ್ಕ ಕೊಡಲು ದಾರಿ ಮಾಡುವ ಕಾನೂನು 2022ರ ಜನವರಿಯಲ್ಲಿ ಅಂಗೀಕಾರವಾಯಿತು. ತೆತ್ತದ್ದೂ ಸಣ್ಣದಲ್ಲ. ಇಸ್ರೇಲ್ ಯಹೂದಿ ರಾಷ್ಟ್ರವಾಗಿಯೇ ಉಳಿಯುತ್ತದೆಂದು ಅಬ್ಬಾಸ್ ಬಹಿರಂಗವಾಗಿ ಒಪ್ಪಿಕೊಂಡರು. ಅವರದೇ ಜನರಲ್ಲಿ ಅನೇಕರು ಅದನ್ನು ಶರಣಾಗತಿ ಎಂದರು. ಒಂದೇ ವರ್ಷದಲ್ಲಿ ಸರಕಾರ ಕುಸಿಯಿತು. 2022ರ ನವೆಂಬರಿನ ಚುನಾವಣೆಯಲ್ಲಿ ಯಾರ ಜೊತೆಗೂ ರಾಜಿಯಾಗದೆ ಒಂಟಿಯಾಗಿ ನಿಂತ 'ಬಲದ್' ಎಂಬ ಅರಬ್ ಪಕ್ಷಕ್ಕೆ ಒಂದೂ ಸ್ಥಾನ ಬರಲಿಲ್ಲ. ಮನೆಗೆ ದೀಪ ಮೊದಲೋ, ಮನೆಯ ಮೇಲಿನ ಹೆಸರು ಮೊದಲೋ? ಹೊರಗೆ ನಿಂತು ಇದಕ್ಕೆ ಸಲೀಸಾಗಿ ತೀರ್ಪು ಕೊಡುವ ಹಕ್ಕು ನಮಗಿಲ್ಲ.

ನಮ್ಮ ಬೆಂಗಳೂರು ಉತ್ತರ ಕ್ಷೇತ್ರ ಹಿಡಿದದ್ದು ಇನ್ನೊಂದು ದಾರಿ. 1977ರಿಂದ 1999ರವರೆಗೆ ಕಾಂಗ್ರೆಸ್ಸಿನ ಸಿ.ಕೆ. ಜಾಫರ್ ಷರೀಫ್ ಇಲ್ಲಿಂದ ಏಳು ಸಲ ಲೋಕಸಭೆಗೆ ಹೋದರು. ಮುಸ್ಲಿಮರ ವೋಟಿನಿಂದಷ್ಟೇ ಇಲ್ಲಿ ಯಾರೂ ಗೆಲ್ಲಲಾಗದು. ಒಕ್ಕಲಿಗರೂ ದಲಿತರೂ ಕುರುಬರೂ ಅವರನ್ನು ತಮ್ಮ ಸಂಸದರೆಂದು ಆರಿಸಿದರು. ಅವರು ರೈಲ್ವೆ ರಾಜ್ಯ ಸಚಿವರಾಗಿದ್ದ ಕಾಲದಲ್ಲಿ ಯಲಹಂಕದ ಗಾಲಿ-ಅಚ್ಚು ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಅಲ್ಲಿ ಎರಕಗೊಂಡು ದೇಶದ ಉದ್ದಗಲಕ್ಕೂ ಉರುಳುವ ಗಾಲಿಗೆ ಜಾತಿ ಮತ ಇಲ್ಲ. ಅಲ್ಪಸಂಖ್ಯಾತನೊಬ್ಬ ಎಲ್ಲರ ಪ್ರತಿನಿಧಿಯಾಗಬಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಆದರೆ ಈ ದಾರಿಯಲ್ಲಿ ಟಿಕೆಟ್ ಕೊಡುವ ಕೈ ಯಾವಾಗಲೂ ಬೇರೆಯವರದು. 2009ರಿಂದ 2024ರವರೆಗಿನ ನಾಲ್ಕು ಲೋಕಸಭಾ ಚುನಾವಣೆಗಳಲ್ಲಿ ಕರ್ನಾಟಕದ 28 ಕ್ಷೇತ್ರಗಳಿಂದ ಒಬ್ಬ ಮುಸ್ಲಿಮರೂ ಗೆದ್ದಿಲ್ಲ. 2011ರ ಜನಗಣತಿಯಂತೆ ರಾಜ್ಯದಲ್ಲಿ ಅವರ ಪ್ರಮಾಣ ಶೇ. 13ರ ಹತ್ತಿರ. 2023ರ ಸೆಪ್ಟೆಂಬರಿನಲ್ಲಿ ಜೆಡಿಎಸ್ ಬಿಜೆಪಿಯ ಮೈತ್ರಿಕೂಟ ಸೇರಿತು. ನಾಲ್ಕೇ ತಿಂಗಳ ಹಿಂದಿನ ವಿಧಾನಸಭಾ ಚುನಾವಣೆಯಲ್ಲಿ ಆ ಪಕ್ಷಕ್ಕೆ ವೋಟು ಹಾಕಿದ್ದ ಮುಸ್ಲಿಮರನ್ನು ಯಾರೂ ಕೇಳಲಿಲ್ಲ. ವಿರೋಧಿಸಿದ ರಾಜ್ಯಾಧ್ಯಕ್ಷ ಸಿ.ಎಂ. ಇಬ್ರಾಹಿಂ ಅವರೇ ಸ್ಥಾನ ಕಳೆದುಕೊಂಡರು.

ಹಾಗಾದರೆ ತಮ್ಮದೇ ಪಕ್ಷ ಕಟ್ಟಿಕೊಳ್ಳಬೇಕೆ? ಧರ್ಮದ ಹೆಸರಿನ ಪಕ್ಷ ಮನುಷ್ಯನನ್ನು ಧರ್ಮದಿಂದಲೇ ಅಳೆಯುತ್ತದೆ, ಎದುರಿನ ಕೋಮುವಾದಕ್ಕೆ ನೆಪ ಕೊಡುತ್ತದೆ, ಸಮುದಾಯದ ವೋಟನ್ನು ಗುತ್ತಿಗೆ ಹಿಡಿಯುವ ಮುಖಂಡರನ್ನು ಬೆಳೆಸುತ್ತದೆ ಎನ್ನುತ್ತಾರೆ. ಈ ಆಕ್ಷೇಪ ಹಗುರವಾದದ್ದಲ್ಲ. ಬಹುಕಾಲ ನಾನೂ ಹಾಗೆಯೇ ನಂಬಿದ್ದೆ. ನನ್ನ ನಂಬಿಕೆಯನ್ನು ಸಡಿಲಿಸಿದ್ದು ನಾನು ಹುಟ್ಟಿದ ಮಂಜೇಶ್ವರ.

1956ರ ನವೆಂಬರ್ 1ರಂದು ನಮ್ಮ ಊರು ಕೇರಳಕ್ಕೆ ಸೇರಿತು. ಕನ್ನಡಿಗರಾದ ಅಪ್ಪ ಮಲಗಿದ್ದಲ್ಲೇ ಬೆಳಗಾಗುವಷ್ಟರಲ್ಲಿ ಅಲ್ಪಸಂಖ್ಯಾತರಾದರು. ಮಲಯಾಳದಲ್ಲಿದ್ದ ಅರ್ಜಿಯೊಂದನ್ನು ಅವರು ಎರಡೂ ಕೈಯಲ್ಲಿ ಹಿಡಿದು, ನೆರೆಮನೆಯ ಬ್ಯಾರಿ ಮುಸ್ಲಿಂ ಹುಡುಗನಿಂದ ಓದಿಸಿಕೊಂಡು, ಅವನು ಬೆರಳಿಟ್ಟ ಜಾಗದಲ್ಲಿ ಕನ್ನಡದಲ್ಲಿ ಸಹಿ ಹಾಕಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಮಂಜೇಶ್ವರದ ವಿಧಾನಸಭಾ ಸ್ಥಾನಕ್ಕೆ ಮೊದಮೊದಲು ಕನ್ನಡಿಗರು ತಮ್ಮವರನ್ನೇ ನಿಲ್ಲಿಸಿ ಗೆಲ್ಲಿಸಿದರು: 1957ರಲ್ಲಿ ಎಂ. ಉಮೇಶ ರಾವ್ ಅವಿರೋಧವಾಗಿ, ಆಮೇಲೆ 1967ರವರೆಗೂ ಕೆ. ಮಹಾಬಲ ಭಂಡಾರಿ. ಆಗ ಅದನ್ನು ಸಂಕುಚಿತ ರಾಜಕೀಯವೆಂದು ಕರ್ನಾಟಕದಲ್ಲಿ ಯಾರಾದರೂ ಕರೆದರೇ? ಅಸ್ಮಿತೆ ಎಂದೆವು. ನಾವು ಕಡಿಮೆಯಿರುವಲ್ಲಿ ಸರಿಯಾದದ್ದು ಇನ್ನೊಬ್ಬರು ಕಡಿಮೆಯಿರುವಲ್ಲಿ ತಪ್ಪಾಗುವುದು ಹೇಗೆ?

1970ರಲ್ಲಿ ಆ ಸ್ಥಾನ ಕಮ್ಯುನಿಸ್ಟರಿಗೆ ಹೋಯಿತು, 1987ರಲ್ಲಿ ಮುಸ್ಲಿಂ ಲೀಗಿಗೆ. ಲೀಗ್ ಕಾಂಗ್ರೆಸ್ ನೇತೃತ್ವದ ರಂಗದಲ್ಲಿದೆ. 1967ರಲ್ಲಿ ಇದೇ ಲೀಗ್ ಇ.ಎಂ.ಎಸ್. ಅವರ ಎಡ ಸರಕಾರದಲ್ಲೂ ಇತ್ತು. ಎದ್ದು ಹೋಗಬಲ್ಲದೆಂದು ತೋರಿಸಿದ ಪಕ್ಷಕ್ಕೆ, ತನ್ನ ರಂಗ ಗೆದ್ದಾಗಲೆಲ್ಲ, ಅಲ್ಲಿ ಕುರ್ಚಿ ಖಾಯಂ. ಮಂಜೇಶ್ವರದಲ್ಲಿ ಅದು 2016ರಲ್ಲಿ ಗೆದ್ದದ್ದು 89 ಮತಗಳಿಂದ, 2021ರಲ್ಲಿ 745ರಿಂದ. ಹಾಗೆ ಗೆದ್ದ ಲೀಗಿನ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಪ್ರಮಾಣವಚನ ತೆಗೆದುಕೊಂಡದ್ದು ಕನ್ನಡದಲ್ಲಿ. ಒಂದು ಅಲ್ಪಸಂಖ್ಯಾತ ಪಕ್ಷ ಇನ್ನೊಂದು ಅಲ್ಪಸಂಖ್ಯಾತ ಸಮುದಾಯದ ನಾಲಿಗೆಯಾದ ಗಳಿಗೆ ಅದು. ಅಪ್ಪ ಇದ್ದಿದ್ದರೆ ಆ ಬ್ಯಾರಿ ಹುಡುಗನನ್ನು ಖಂಡಿತ ನೆನೆಯುತ್ತಿದ್ದರು.

ಹಾಗಾಗಿ ಪಕ್ಷದ ಹೆಸರಿನಲ್ಲಿ ಯಾವ ಸಮುದಾಯವಿದೆ ಎಂದು ನಾನೀಗ ಮೊದಲು ಕೇಳುವುದಿಲ್ಲ. ಅದು ಎದ್ದು ಹೋಗಬಲ್ಲದೆ, ತನ್ನವರಲ್ಲದವರ ಪರವಾಗಿ ಮಾತಾಡಬಲ್ಲದೆ, ಇವೆರಡನ್ನು ಕೇಳುತ್ತೇನೆ. ಮೊದಲನೆಯದಿಲ್ಲದಿದ್ದರೆ ಅದು ಆಶ್ರಿತ, ಎರಡನೆಯದಿಲ್ಲದಿದ್ದರೆ ಬರೀ ಗುಂಪು.

ಸಾಹೇಬರ ಮಾತಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈಗ ಅನ್ನಿಸುತ್ತದೆ: ಅವರ ವೋಟು ಊರಿಗೆಲ್ಲ ಗೊತ್ತಾಗುವಂತೆ ಮಾಡಿದವರು ಅವರಲ್ಲ. ಒಂದು ಬಾಗಿಲಿಗೆ ಬೀಗ ಜಡಿದವರು, ಆ ಬೀಗ ನೋಡಿ ತಮ್ಮ ಬಾಗಿಲಲ್ಲಿ ನಿಶ್ಚಿಂತೆಯಿಂದ ಕುಳಿತವರು, ಇವೆರಡನ್ನೂ ನೋಡುತ್ತ ಸುಮ್ಮನಿದ್ದ ನನ್ನಂಥ ಬಹುಸಂಖ್ಯಾತರು ಸೇರಿ ಅದನ್ನು ಗೊತ್ತಿರುವ ವೋಟು ಮಾಡಿದೆವು. ಆ ಬೀಗ ತೆಗೆಯುವ ಕೆಲಸವೂ ಅವರೊಬ್ಬರದೇ ಅಲ್ಲ.