ದೊರೆಯ ಶೋಕ, ಪ್ರಜೆಯ ಹಕ್ಕು

ನಾಡಿಗೆ ನಾಡೇ ಶೋಕದಲ್ಲಿ ಮುಳುಗಿರುವಾಗ ಆಳುವವರು ತಮ್ಮ ದುಃಖವನ್ನು ಎಲ್ಲರೆದುರು ತೋಡಿಕೊಳ್ಳಬೇಕೇ, ಇಲ್ಲವೇ ಅದನ್ನು ಒಳಗೇ ಅದುಮಿಟ್ಟು ಧೀರರಾಗಿ ನಿಲ್ಲಬೇಕೇ ಎಂಬ ಪ್ರಶ್ನೆ ರಾಜನೀತಿಗೆ ಎಷ್ಟು ಸೇರಿದ್ದೋ ಧರ್ಮಜಿಜ್ಞಾಸೆಗೂ ಅಷ್ಟೇ ಸೇರಿದ್ದು. ಪೀಟರ್ ಮಾರ್ಗನ್ ಅವರ ಚಿತ್ರಕಥೆಯನ್ನು ಸ್ಟೀಫನ್ ಫ್ರಿಯರ್ಸ್ 2006ರಲ್ಲಿ ತೆರೆಗೆ ತಂದ ‘ದಿ ಕ್ವೀನ್’ ಚಲನಚಿತ್ರವು, 1997ರ ಆಗಸ್ಟ್ 31ರಂದು ಪ್ಯಾರಿಸ್ಸಿನ ಕಾರು ಅಪಘಾತದಲ್ಲಿ ಬ್ರಿಟನ್ನಿನ ರಾಜಮನೆತನದ ಮಾಜಿ ಸೊಸೆ ಡಯಾನಾ ತೀರಿಕೊಂಡ ನಂತರದ ಒಂದು ವಾರವನ್ನು ಆರಿಸಿಕೊಂಡು, ಈ ಪ್ರಶ್ನೆಯನ್ನು ರಾಣಿ ಎರಡನೇ ಎಲಿಜಬೆತ್ ಹಾಗೂ ನಾಲ್ಕು ತಿಂಗಳ ಹಿಂದಷ್ಟೇ ಪ್ರಧಾನಿಯಾಗಿದ್ದ ಟೋನಿ ಬ್ಲೇರ್ ಅವರ ನಡುವಿನ ತಿಕ್ಕಾಟವಾಗಿ ಮಂಡಿಸುತ್ತದೆ.

ರಾಣಿಯ ನಿಲುವಿಗೆ ತನ್ನದೇ ಆದ ತರ್ಕವಿತ್ತು. ಡಯಾನಾ 1996ರಲ್ಲಿ ವಿಚ್ಛೇದನ ಪಡೆದು ‘ಹರ್ ರಾಯಲ್ ಹೈನೆಸ್’ ಎಂಬ ಗೌರವಪದವಿಯನ್ನು ಕಳೆದುಕೊಂಡಿದ್ದರಿಂದ ಆಕೆಯ ಸಾವು ಚಿತ್ರದ ರಾಣಿಗೆ ಕುಟುಂಬದ ಸ್ವಂತ ದುಃಖವಾಗಿಯೇ ತೋರುತ್ತದೆ. ತಾಯಿಯಿಲ್ಲದಂತಾದ ಮೊಮ್ಮಕ್ಕಳಿಬ್ಬರನ್ನು ಸ್ಕಾಟ್ಲೆಂಡಿನ ಬಾಲ್ಮೋರಲ್‌ನಲ್ಲಿ ಲೋಕದ ಕಣ್ಣಿಗೆ ಬೀಳದಂತೆ ಕಾಪಾಡುವುದೇ ಆಕೆಯ ಮೊದಲ ಕರ್ತವ್ಯವಾಗುತ್ತದೆ. ಇತ್ತ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಗೇಟಿನ ಮುಂದೆ ಹೂಗುಚ್ಛಗಳ ರಾಶಿ ಬೆಳೆಯುತ್ತ ಹೋದಂತೆ ಜನರ ಸಿಟ್ಟು ಬರಿದಾಗಿದ್ದ ಧ್ವಜಸ್ತಂಭದತ್ತ ತಿರುಗಿತು. ಅಂದಿನ ಸಂಪ್ರದಾಯದಂತೆ ಆ ಸ್ತಂಭದ ಮೇಲೆ ಹಾರುತ್ತಿದ್ದುದು ‘ರಾಯಲ್ ಸ್ಟ್ಯಾಂಡರ್ಡ್’ ಎಂಬ ರಾಜಧ್ವಜ ಮಾತ್ರ. ದೊರೆ ಅರಮನೆಯಲ್ಲಿದ್ದಾಗಷ್ಟೇ ಹಾರುವ ಆ ಧ್ವಜವನ್ನು ದೊರೆಯೇ ಸತ್ತರೂ ಅರ್ಧಕ್ಕೆ ಇಳಿಸುವಂತಿರಲಿಲ್ಲ, ಏಕೆಂದರೆ ಒಬ್ಬರು ಸತ್ತ ಗಳಿಗೆಯಲ್ಲೇ ಇನ್ನೊಬ್ಬರು ದೊರೆಯಾಗುವುದರಿಂದ ರಾಜತ್ವಕ್ಕೆ ಸಾವಿಲ್ಲವೆಂಬುದು ಅದರ ಅರ್ಥ.

ಇತಿಹಾಸಕಾರ ಅರ್ನ್ಸ್ಟ್ ಕಾಂಟೊರೊವಿಚ್ 1957ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ ‘ಅರಸನ ಎರಡು ದೇಹ’ಗಳ ಸಿದ್ಧಾಂತವು ಈ ನಿಯಮವನ್ನು ಅರಿಯಲು ನೆರವಾಗುತ್ತದೆ. ಅರಸನಿಗೆ ಹುಟ್ಟಿ, ಮುಪ್ಪಾಗಿ, ಸಾಯುವ ಸಹಜ ದೇಹವೊಂದು, ಅಳಿವಿಲ್ಲದ ರಾಜ್ಯಾಧಿಕಾರದ ದೇಹ ಇನ್ನೊಂದು ಎಂಬ ಈ ಕಲ್ಪನೆಗೆ, ಕ್ರಿಸ್ತನಲ್ಲಿ ಮಾನುಷ ಮತ್ತು ದೈವ ಸ್ವಭಾವಗಳೆರಡೂ ಕೂಡಿವೆಯೆಂಬ ಕ್ರೈಸ್ತ ದೇವತಾಶಾಸ್ತ್ರದ ಚಿಂತನೆಯ ಹಿನ್ನೆಲೆಯಿದೆ. ಸಾವಿಲ್ಲದ ದೇಹ ಅಳುವುದಾದರೂ ಹೇಗೆ ಎಂಬುದು ಅರಮನೆಯ ತೊಡಕಾದರೆ, ಅಳದ ದೇಹ ತಮ್ಮದು ಹೇಗಾದೀತು ಎಂಬುದು ಹೊರಗೆ ನೆರೆದಿದ್ದವರ ಪ್ರಶ್ನೆಯಾಗಿತ್ತು.

ರಾಣಿಗೆ ಶೋಕವೇ ಇರಲಿಲ್ಲವೆಂದು ಚಿತ್ರ ಹೇಳುವುದಿಲ್ಲ. ಬಾಲ್ಮೋರಲ್‌ನ ಬೆಟ್ಟಸಾಲಿನಲ್ಲಿ ತಾನೇ ಓಡಿಸುತ್ತಿದ್ದ ಜೀಪು ಹೊಳೆ ದಾಟುವಾಗ ಕೆಟ್ಟು ನಿಂತ ಮೇಲೆ ನೆರವಿಗಾಗಿ ಕಾಯುತ್ತ ಕುಳಿತ ರಾಣಿ ಅಳುತ್ತಾಳೆ. ಕ್ಯಾಮೆರಾ ಆಗ ಬೆನ್ನ ಹಿಂದೆಯೇ ನಿಂತು, ಈ ಪಾತ್ರಕ್ಕಾಗಿ ಆಸ್ಕರ್ ಪಡೆದ ಹೆಲೆನ್ ಮಿರೆನ್ ಅವರ ಮುಖವನ್ನು ಪ್ರೇಕ್ಷಕರಿಂದ ಮರೆಮಾಡುತ್ತದೆ. ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಶೋಕವೆಂಬ ಸ್ಥಾಯಿಭಾವ, ಅಂದರೆ ಮನಸ್ಸಿನಲ್ಲಿ ನೆಲೆನಿಂತ ಭಾವ, ರಾಣಿಯಲ್ಲಿತ್ತು. ಅದನ್ನು ಹೊರಗೆ ಸೂಚಿಸುವ ಕಣ್ಣೀರು, ನಿಟ್ಟುಸಿರುಗಳಂಥ ಅನುಭಾವಗಳು ಜನರಿಗೆ ಕಾಣಲಿಲ್ಲ.

ಹಾಗೆಂದು ಜನರು ಕೇಳಿದ್ದನ್ನೆಲ್ಲ ಕೊಡುವುದೇ ರಾಜಧರ್ಮವಾಗದು. ಭವಭೂತಿಯ ‘ಉತ್ತರರಾಮಚರಿತ’ದಲ್ಲಿ ಲೋಕಾರಾಧನೆಗಾಗಿ, ಅಂದರೆ ಪ್ರಜೆಗಳ ಮನಸ್ಸನ್ನು ಒಲಿಸಿಕೊಳ್ಳುವುದಕ್ಕಾಗಿ, ನಿರ್ದೋಷಿಯಾದ ಸೀತೆಯನ್ನು ಕಾಡಿಗೆ ಕಳುಹಿಸಿದ ರಾಮನು ಅದೇ ಕಾರಣಕ್ಕೆ ವರ್ಷಗಟ್ಟಲೆ ಬೇಯುತ್ತಾನೆ. ಲಂಡನ್ನಿನ ಗುಂಪಿನ ನೋವು ನಿಜವೇ ಆಗಿದ್ದರೂ, ಬದುಕಿದ್ದಾಗ ಡಯಾನಾಳ ಬೆನ್ನುಹತ್ತಿದ್ದ ಪತ್ರಿಕೆಗಳೇ ಆಕೆ ಸತ್ತಮೇಲೆ ಅರಮನೆಯತ್ತ ಬೆರಳು ತೋರಿಸಿದವು ಎಂಬುದನ್ನು ಮರೆಯುವಂತಿಲ್ಲ.

ಈ ಬಿಕ್ಕಟ್ಟಿಗೆ ಪರಿಹಾರ ದೊರೆತದ್ದು ವಿಧಿಯಾಚರಣೆಯಲ್ಲಿ. ಸೆಪ್ಟೆಂಬರ್ 5ರಂದು ಲಂಡನ್ನಿಗೆ ಮರಳಿದ ರಾಣಿ ಹೂಗಳ ನಡುವೆ ನಡೆದು, ಸಂಜೆ ನೇರ ಪ್ರಸಾರದಲ್ಲಿ ಮಾತನಾಡಿದರು. ಮರುದಿನ ಶವಪೆಟ್ಟಿಗೆ ಅರಮನೆಯ ಮುಂದೆ ಹಾದುಹೋದಾಗ ತಲೆಬಾಗಿದರು, ಅರಮನೆಯ ಮೇಲೆ ಬ್ರಿಟನ್ನಿನ ರಾಷ್ಟ್ರಧ್ವಜ ಅರ್ಧಕ್ಕೆ ಹಾರಿತು. ಭಾಷಣದಲ್ಲಿ ‘ಅಜ್ಜಿಯಾಗಿ’ ಎಂಬ ಮಾತನ್ನು ಪ್ರಧಾನಿಯ ಕಡೆಯವರು ಸೇರಿಸಿದರೆಂದು ಚಿತ್ರ ತೋರಿಸುವಾಗ, ಎರವಲು ಮಾತಿನಲ್ಲಿ ಪ್ರಾಮಾಣಿಕತೆ ಎಲ್ಲಿಯದೆಂಬ ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಆದರೆ ಶವಸಂಸ್ಕಾರದಲ್ಲಿ ಓದುವ ಪ್ರಾರ್ಥನೆಯಾಗಲಿ ಮಂತ್ರವಾಗಲಿ ದುಃಖಿತರು ತಾವೇ ಕಟ್ಟಿದ್ದಲ್ಲ. ಎದೆಯಲ್ಲಿ ಎಷ್ಟು ದುಃಖವಿದೆಯೆಂದು ಯಾರೂ ತೂಗಿ ನೋಡದಂತೆ, ಸತ್ತವರಿಗೆ ಸಲ್ಲಬೇಕಾದ ಗೌರವ ಮಾತ್ರ ತಪ್ಪದಂತೆ ನೋಡಿಕೊಳ್ಳುವುದಕ್ಕಾಗಿಯೇ ಧರ್ಮಗಳು ವಿಧಿಗಳನ್ನು ರೂಪಿಸಿವೆ. ತಲೆಬಾಗಿದ ರಾಣಿಯ ಮನಸ್ಸಿನಲ್ಲಿ ಏನಿತ್ತೆಂದು ಆ ದಿನ ಯಾರೂ ಕೇಳಬೇಕಾಗಲಿಲ್ಲ.

ಆದ್ದರಿಂದ ಆಳುವವರ ಕಣ್ಣೀರನ್ನು ಕೇಳುವ ಹಕ್ಕು ಪ್ರಜೆಗಳಿಗಿಲ್ಲ, ಏಕೆಂದರೆ ಒತ್ತಾಯಕ್ಕೆ ಬರುವ ಕಣ್ಣೀರು ನಟನೆಯಷ್ಟೇ; ಆದರೆ ಸಂಕಟದ ಹೊತ್ತಿನಲ್ಲಿ ಅವರು ತಮ್ಮ ನಡುವೆ ಬಂದು ನಿಲ್ಲಬೇಕೆಂದು ಕೇಳುವ ಹಕ್ಕು ಖಂಡಿತ ಇದೆ, ಅದನ್ನು ಐದು ದಿನ ತಡವಾಗಿ ಸಲ್ಲಿಸಿದ್ದೇ ಅರಮನೆಯ ತಪ್ಪು.