ತನ್ನ ತಪ್ಪಿಗೆ ತಾನೇ ನ್ಯಾಯಾಧೀಶ

ತನ್ನ ವ್ಯಾಜ್ಯದಲ್ಲಿ ಯಾರೂ ತಾವೇ ನ್ಯಾಯಾಧೀಶರಾಗಬಾರದೆಂಬುದು ಕಾನೂನಿನ ಒಂದು ಮೂಲತತ್ತ್ವವು. ಆದರೆ ಆ ಕಾನೂನನ್ನು ಕಲಿಯಹೊರಟ ವಿದ್ಯಾರ್ಥಿಯು ಮೊದಲ ಹೆಜ್ಜೆಯಲ್ಲಿಯೇ ಈ ತತ್ತ್ವವನ್ನು ಮೀರಬೇಕಾಗುತ್ತದೆ. ಮನೆಯಲ್ಲಿ ಕುಳಿತು ಬರೆದ ಅಭ್ಯಾಸಪತ್ರಿಕೆಯ ತಪ್ಪುಗಳನ್ನು ವಿಚಾರಿಸುವಾಗ ಆರೋಪಿಯೂ ಅವನೇ, ಸಾಕ್ಷಿಯೂ ಅವನೇ, ತೀರ್ಪು ಹೇಳುವವನೂ ಅವನೇ. ಇಂಥ ವಿಚಾರಣೆಯಲ್ಲಿ ನ್ಯಾಯವು ದೊರೆಯುವುದು ಹೇಗೆ?

ರಾಷ್ಟ್ರೀಯ ಕಾನೂನು ವಿದ್ಯಾಲಯಗಳಲ್ಲಿ ಬಹುತೇಕವುಗಳ ಪ್ರವೇಶಕ್ಕೆ 2008ನೆಯ ಇಸವಿಯಿಂದ ಕ್ಲ್ಯಾಟ್ ಎಂಬ ಪರೀಕ್ಷೆಯು ನಡೆಯುತ್ತ ಬಂದಿದೆ. ಈಗ ಪದವಿಪ್ರವೇಶದ ಪತ್ರಿಕೆಯಲ್ಲಿ 120 ಪ್ರಶ್ನೆಗಳು. ಕಾಲವು 2 ತಾಸು. ಸರಿಯುತ್ತರಕ್ಕೆ ಒಂದು ಅಂಕ. ತಪ್ಪಿದರೆ ಕಾಲು ಅಂಕದ ದಂಡ. ಪತ್ರಿಕೆಯೆಲ್ಲವೂ ಇಂಗ್ಲಿಷಿನಲ್ಲಿ. ಆದುದರಿಂದ ಮಕ್ಕಳು ತಿಂಗಳುಗಟ್ಟಲೆ ಅಭ್ಯಾಸಪತ್ರಿಕೆಗಳನ್ನು ಬಿಡಿಸುತ್ತಾರೆ. ಬಿಡಿಸಿದ ಕೂಡಲೆ ಹಿರಿಯರು ಕೇಳುವ ಮಾತು ಒಂದೇ: "ಎಷ್ಟು ಮಾರ್ಕು ಬಿದ್ದುವು?" ಹೆಚ್ಚು ಬಿದ್ದರೆ ಸಂತೋಷ, ಕಡಿಮೆ ಬಿದ್ದರೆ ಮುಖ ಬಾಡುವುದು, ಮರುದಿನ ಮತ್ತೊಂದು ಪತ್ರಿಕೆ. ತಪ್ಪು ಮಾತ್ರ ಇದ್ದಲ್ಲಿಯೇ ಇರುವುದು.

ಯರಗುಪ್ಪಿಯ ಎರೆಹೊಲದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಂಟೆ ಹೊಡೆದರೆ ಮೇಲಿನ ಕಸವೇನೋ ಹೋಗುವುದು. ಕರಿಕೆಯ ಬೇರು ಒಳಗೆ ಉಳಿದು ಮುಂದಿನ ಮಳೆಗೆ ಮತ್ತೆ ಚಿಗುರುವುದು. ಅದನ್ನು ಅಗೆದು ತೆಗೆಯುವ ಕೆಲಸವು ದಣಿವಿನದು. ತಪ್ಪಿನ ವಿಚಾರಣೆಯೂ ಅಂಥದೇ.

ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನು ವ್ಯಾಜ್ಯಕ್ಕೆ ನಾಲ್ಕು ಪಾದಗಳನ್ನು ವಿವರಿಸಿದ್ದಾನೆ: ಭಾಷೆಯೆಂಬ ದೂರು, ಅದಕ್ಕೆ ಉತ್ತರ, ಕ್ರಿಯೆಯೆಂಬ ಪ್ರಮಾಣ, ಕೊನೆಗೆ ಸಾಧ್ಯಸಿದ್ಧಿಯೆಂಬ ನಿರ್ಣಯ. ನಮ್ಮ ವಿದ್ಯಾರ್ಥಿಯು ಎರಡನೆಯದರಿಂದ ನೇರವಾಗಿ ನಾಲ್ಕನೆಯದಕ್ಕೆ ಜಿಗಿಯುತ್ತಾನೆ. "ಅವಸರದಲ್ಲಿ ತಪ್ಪಿತು, ಇಂಗ್ಲಿಷು ತೊಡಕಾಯಿತು" ಎಂಬುದು ಉತ್ತರವೇ ಹೊರತು ಪ್ರಮಾಣವಲ್ಲ. ಕನ್ನಡ ಶಾಲೆಯಿಂದ ಬಂದವನಿಗೆ ಭಾಷೆಯ ತೊಡಕು ನಿಜವಾದುದೇ ಸರಿ. ಆದರೆ ಎಲ್ಲ ತಪ್ಪುಗಳನ್ನೂ ಅದರ ತಲೆಗೆ ಕಟ್ಟುವುದು ನಿಜವಲ್ಲ. ಉತ್ತರಪಟ್ಟಿಯನ್ನು ತೆರೆಯುವ ಮೊದಲು, ಗಡಿಯಾರವನ್ನು ಬದಿಗಿಟ್ಟು, ತೊಡಕಾದ ಪ್ರಶ್ನೆಗಳನ್ನು ಮತ್ತೊಮ್ಮೆ ಬಿಡಿಸಲಿ. ಆಗ ಸರಿಹೋದರೆ ದೋಷವು ಅವಸರದ್ದು. ನಿಘಂಟು ನೋಡಿದ ಮೇಲೆ ಸರಿಹೋದರೆ ಭಾಷೆಯದು. ಆಗಲೂ ತಪ್ಪಿದರೆ ವಿಚಾರದ್ದು. ಮೂರು ರೋಗಗಳಿಗೆ ಒಂದೇ ಔಷಧವು ಸಲ್ಲದು.

ತಪ್ಪಿದುದನ್ನು ಮಾತ್ರ ವಿಚಾರಿಸಿದರೂ ಸಾಲದು. ತಾರ್ಕಿಕರು ವಿಪರ್ಯಯವನ್ನೂ ಸಂಶಯವನ್ನೂ ಬೇರೆ ಬೇರೆಯಾಗಿ ಎಣಿಸಿದ್ದಾರೆ. ಹಗ್ಗವನ್ನು ಹಾವೆಂದು ನಂಬುವುದು ವಿಪರ್ಯಯ. ಕಂಬವೋ ಮನುಷ್ಯನೋ ಎಂದು ತೂಗಾಡುವುದು ಸಂಶಯ. ತೂಗಾಡುತ್ತ ಹಾಕಿದ ಗುರುತು ದೈವವಶದಿಂದ ಸರಿಯಾದರೆ ಅಂಕವೇನೋ ಬಂದಿತು, ಜ್ಞಾನವು ಬರಲಿಲ್ಲ. ಆದುದರಿಂದ ಬರೆಯುವಾಗಲೇ ಸಂಶಯವಿದ್ದಲ್ಲಿ ಒಂದು ಚುಕ್ಕೆಯನ್ನಿಟ್ಟು, ಚುಕ್ಕೆ ಬಿದ್ದ ಸರಿಯುತ್ತರವನ್ನೂ ವಿಚಾರಣೆಗೆ ಕರೆಯಬೇಕು. "ಇದು ಮೊದಲೇ ಗೊತ್ತಿತ್ತು" ಎನ್ನುವ ಮನಸ್ಸಿಗೆ ಆ ಚುಕ್ಕೆಯೇ ಎದುರುಸಾಕ್ಷಿ.

ಇನ್ನೊಂದು ದೋಷವು ಸಜ್ಜನರಿಗೇ ಹೆಚ್ಚಾಗಿ ಬರುವಂಥದು. ಕಾನೂನಿನ ತರ್ಕದ ಭಾಗದಲ್ಲಿ, ಗದ್ಯದಲ್ಲಿ ಕೊಟ್ಟ ನಿಯಮವನ್ನೇ ಸಂದರ್ಭಕ್ಕೆ ಹೊಂದಿಸಬೇಕು. ಬಡವನು ಗೆಲ್ಲಲೆಂಬ ಮರುಕದಿಂದ ಗುರುತು ಹಾಕಿದವನು ತಪ್ಪುತ್ತಾನೆ. ಮರುಕವು ದೋಷವಲ್ಲ, ಮರುಕವನ್ನೇ ನಿಯಮವೆಂದು ಭ್ರಮಿಸುವುದು ದೋಷ. ತಪ್ಪಿದ ಉತ್ತರದ ಬದಿಗೆ "ಇದನ್ನೇಕೆ ನಂಬಿದೆ?" ಎಂದು ಎರಡು ಸಾಲು ಬರೆದಾಗಲೇ ಈ ಭ್ರಮೆಯು ಬಯಲಾಗುವುದು.

ಹೀಗೆ ಒಂದು ಪತ್ರಿಕೆಯ ವಿಚಾರಣೆಗೆ ಅದನ್ನು ಬರೆದುದಕ್ಕಿಂತ ಹೆಚ್ಚು ಕಾಲ ಹಿಡಿಯಬಹುದು, ಹಿಡಿಯಲಿ. ತನ್ನ ವ್ಯಾಜ್ಯದಲ್ಲಿ ತಾನೇ ನ್ಯಾಯಾಧೀಶನಾಗಬೇಕಾದವನಿಗೆ ಇರುವ ರಕ್ಷೆಯೊಂದೇ: ಅಭಿಮಾನವು ಬಾಯಿ ತೆರೆಯುವ ಮೊದಲೇ ಸಾಕ್ಷ್ಯವನ್ನು ಬರೆದಿಡುವುದು. ಹಿರಿಯರಾದರೂ "ಎಷ್ಟು ಬಿದ್ದುವು?" ಎಂಬುದನ್ನು ಬಿಟ್ಟು "ಎಲ್ಲಿ ತಪ್ಪಿತು, ಏಕೆ ತಪ್ಪಿತು?" ಎಂದು ಕೇಳಲಿ, ಕೇಳಿ, ಗದರಿಸದೆ ಇರಲಿ. ಗದರಿಸುವ ಮನೆಯಲ್ಲಿ ಮಗುವು ತಪ್ಪನ್ನು ಮುಚ್ಚಲು ಕಲಿಯುವುದು. ನಾಳೆ ಪರರ ತಪ್ಪುಒಪ್ಪುಗಳನ್ನು ತೂಗಬೇಕಾದ ಕೈಗೆ, ತನ್ನ ತಪ್ಪನ್ನು ತೂಗುವಾಗ ತಕ್ಕಡಿಯನ್ನು ಅಲುಗಿಸದಿರುವ ಅಭ್ಯಾಸವು ಇಂದೇ ಆಗಬೇಕು. ಪ್ರವೇಶವು ದೊರೆಯಲಿ, ದೊರೆಯದಿರಲಿ, ಆ ಅಭ್ಯಾಸವು ವ್ಯರ್ಥವಾಗದು.